ಹೋಟೆಲ್ ಅಂತ ಬೋರ್ಡಿದೆ, ತಿಂಡಿ ಮಾತ್ರ ಇಲ್ಲ!

ಪ್ರಶ್ನೆ: ಸಾರ್, ಮಗಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ನಾನೂ ನಮ್ಮ ಯಜಮಾನರೂ ಎರಡು ತಿಂಗಳು ಹೋಗಿ ಇದ್ದು ಬಂದೆವು. ಒಂದು ಭಾನುವಾರ ರೈಲು ಹತ್ತಿ ಫ್ರೀಮ್ಯಾಂಟಲ್ ಅನ್ನುವ ಬಂದರಿನ ಊರಿಗೆ ಹೋದೆವು. ಬೆಳಿಗ್ಗೆ ಎಂಟೂವರೆ. ರಸ್ತೆ ಮೂಲೆ ಮೂಲೆಗೂ ಹಳೇ ಕಾಲದ ಭರ್ಜರಿ ಕಟ್ಟಡ, ತಲೆ ಮೇಲೆ ದಪ್ಪ ಅಕ್ಷರದಲ್ಲಿ ‘ಹೋಟೆಲ್’ ಅಂತ. ಯಜಮಾನರಿಗೆ ಶುಗರ್, ಹೊತ್ತಿಗೆ ಸರಿಯಾಗಿ ತಿಂಡಿ ಆಗಬೇಕು. ಒಂದು ಹೋಟೆಲ್ಲಿಗೆ ಬೀಗ. ಇನ್ನೊಂದರಲ್ಲಿ ನೆಲ ಒರೆಸುತ್ತಿದ್ದ ಹುಡುಗ ಆಮೇಲೆ ಬನ್ನಿ ಅಂದ. ಇಣುಕಿ ನೋಡಿದರೆ ಒಳಗೆ ಬಾರ್! ಯಜಮಾನರು ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಬಾರಿಗೆ ಹೋಟೆಲ್ ಅಂತ ಯಾಕೆ ಹೆಸರು? ಅದು ಪಾರಂಪರಿಕ ಕಟ್ಟಡ, ಒಡೆಯುವ ಹಾಗಿಲ್ಲ ಅಂತ ಮಗಳು ಹೇಳಿದಳು. ಬಾರನ್ನು ಸರ್ಕಾರ ಕಾಪಾಡೋದಾ?
– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಡಂ, ನಿಮ್ಮ ಯಜಮಾನರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಅದೇ ಊರಲ್ಲಿ, ಅದೇ ಹೊತ್ತಲ್ಲಿ, ನಾನೂ ಒಂದು ಹೋಟೆಲ್ ಬಾಗಿಲ ಮುಂದೆ ನಿಂತು ಗಾಜಿಗೆ ಮೂಗು ಒತ್ತಿ ಇಡ್ಲಿ ಇಲ್ಲದಿದ್ದರೆ ಬ್ರೆಡ್ಡಾದರೂ ಇರುತ್ತದೇನೋ ಅಂತ ನೋಡಿದವನೇ. ತಪ್ಪು ನಿಮ್ಮದಲ್ಲ. ತಪ್ಪು ಆ ಪದದ್ದು.

ನಮ್ಮ ಕಡೆ ಹೋಟೆಲ್ ಅಂದರೆ ತಿಂಡಿ, ಕಾಫಿ, ಊಟ. ಉಳಿದುಕೊಳ್ಳೋದಕ್ಕೆ ಲಾಡ್ಜ್. ರೊಟ್ಟಿ ಊಟಕ್ಕೆ ಖಾನಾವಳಿ. ಇಂಗ್ಲಿಷಿನವರಿಗೆ ಹೋಟೆಲ್ ಅಂದರೆ ಮೊದಲು ಮಲಗುವ ಜಾಗ. ಆಸ್ಟ್ರೇಲಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಡಿಯುವ ಜಾಗಕ್ಕೇ ಹೋಟೆಲ್ ಅಂದರು. ಅದಕ್ಕೆ ಕಾರಣ ಕಾನೂನು. ಅಲ್ಲಿ ಬ್ರಿಟಿಷರ ಕಾಲದಲ್ಲಿ ಹೆಂಡ ಮಾರುವ ಲೈಸೆನ್ಸ್ ಸುಮ್ನೆ ಕೊಡುತ್ತಿರಲಿಲ್ಲ. ಊರಿಂದೂರಿಗೆ ಹೋಗುವ ದಾರಿ ಉದ್ದ, ನಡುವೆ ಮನೆಗಳಿಲ್ಲ. ಹಾಗಾಗಿ ನಿನಗೆ ಹೆಂಡದ ಲಾಭ ಬೇಕಾ, ಸರಿ, ಜೊತೆಗೆ ಪ್ರಯಾಣಿಕರಿಗೆ ನಾಲ್ಕು ಕೋಣೆ ಇಡು, ಊಟ ಹಾಕು, ಕುದುರೆಗೆ ಲಾಯ ಕಟ್ಟು ಅನ್ನುತ್ತಿತ್ತು ಸರ್ಕಾರ. ಮಾಲೀಕ ಕೋಣೆ ಕಟ್ಟಿದ, ಹೋಟೆಲ್ ಅಂತ ಬೋರ್ಡ್ ಹಾಕಿದ, ದುಡ್ಡು ಮಾತ್ರ ಕೆಳಗಿನ ಬಾರಿನಲ್ಲಿ ಮಾಡಿದ. ಕುದುರೆ ಹೋಯಿತು, ಎಷ್ಟೋ ಕಡೆ ಕೋಣೆಗಳೂ ಹೋದವು. ಬೋರ್ಡು ಉಳಿಯಿತು.

ಈಗ ಊರಿನ ಕಥೆ. ಫ್ರೀಮ್ಯಾಂಟಲ್ ಇರುವುದು ಸ್ವಾನ್ ನದಿ ಸಮುದ್ರ ಸೇರುವ ಕಡೆ. 1829ರಲ್ಲಿ ಬ್ರಿಟಿಷ್ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಫ್ರೀಮ್ಯಾಂಟಲ್ ಅಲ್ಲಿ ಬಾವುಟ ನೆಟ್ಟ, ಊರಿಗೆ ಅವನದೇ ಹೆಸರು ಬಂತು. ಅದು ನೂಂಗಾರ್ ಜನರ ನೆಲ, ಅವರನ್ನು ಯಾರೂ ಕೇಳಲಿಲ್ಲ. ಬಂದವರು ಮೊದಲು ಕಟ್ಟಿಕೊಂಡ ಮುಖ್ಯ ಕಟ್ಟಡ ಯಾವುದು ಹೇಳಿ? ಜೈಲು. 1831ರಲ್ಲಿ ತೆರೆದ ಆ ರೌಂಡ್ ಹೌಸ್ ಇವತ್ತಿಗೂ ಇದೆ. ಹೆಸರಿಗೆ ರೌಂಡು, ಎಣಿಸಿದರೆ ಹನ್ನೆರಡು ಮೂಲೆ.

1850ರ ಜೂನ್ 1ರಂದು ಬ್ರಿಟನ್ನಿನಿಂದ ಮೊದಲ ಕೈದಿ ಹಡಗು ಬಂತು. ಹೆಸರು ಸಿಂಡಿಯನ್. 75 ಕೈದಿಗಳು. ಅಷ್ಟು ಜನ ಹಿಡಿಸುವಂಥ ಜೈಲು ಊರಲ್ಲಿರಲಿಲ್ಲ! ಕೊನೆಗೆ ಬಂದರಿನ ಅಧಿಕಾರಿಯೊಬ್ಬರ ಗೋದಾಮನ್ನು ಬಾಡಿಗೆಗೆ ಹಿಡಿದು ಅಲ್ಲಿ ಇಟ್ಟರು. ಆ ಗೋದಾಮಿದ್ದ ಜಾಗದಲ್ಲೇ ಈಗ ಎಸ್ಪ್ಲನೇಡ್ ಅನ್ನುವ ದೊಡ್ಡ ಹೋಟೆಲ್ ನಿಂತಿದೆ. ಇದು ನಿಜವಾಗಿ ಉಳಿದುಕೊಳ್ಳುವ ಹೋಟೆಲ್. ಕೈದಿಗಳು ಬಿಟ್ಟಿ ಮಲಗಿದ ಜಾಗದಲ್ಲಿ ಈಗ ರಾತ್ರಿಗಿಷ್ಟು ಅಂತ ಕೊಟ್ಟು ಮಲಗುತ್ತಾರೆ. ಆಮೇಲೆ ಆ ಕೈದಿಗಳ ಕೈಯಲ್ಲೇ ಅಲ್ಲೇ ಸಿಗುವ ಸುಣ್ಣದ ಕಲ್ಲು ಒಡೆಸಿ ದೊಡ್ಡ ಜೈಲು ಕಟ್ಟಿಸಿದರು. 1868ರವರೆಗೆ ಸುಮಾರು 10 ಸಾವಿರ ಕೈದಿಗಳು ಆ ನಾಡಿಗೆ ಬಂದಿಳಿದರು. ಜೈಲು 1991ರಲ್ಲಿ ಮುಚ್ಚಿತು, 2010ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಆದರೆ ನೀವು ನೋಡಿದ ಆ ಭರ್ಜರಿ ಹೋಟೆಲ್ಲುಗಳನ್ನು ಕಟ್ಟಿಸಿದ್ದು ಕೈದಿಗಳಲ್ಲ, ಚಿನ್ನ. 1892ರಲ್ಲಿ ಕೂಲ್‌ಗಾರ್ಡಿಯಲ್ಲಿ, ಮರುವರ್ಷ ಕಾಲ್‌ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ಎರಡೂ ಒಳನಾಡಿನ ಒಣ ಬಯಲು. 1891ರಲ್ಲಿ ಇಡೀ ಪಶ್ಚಿಮ ಆಸ್ಟ್ರೇಲಿಯಾದ ಜನಗಣತಿ ಲೆಕ್ಕ ಸುಮಾರು 50 ಸಾವಿರ. 1901ಕ್ಕೆ 1 ಲಕ್ಷ 84 ಸಾವಿರ. ಬಂದವರಲ್ಲಿ ಹೆಚ್ಚಿನವರು ಹಡಗಲ್ಲಿ ಬಂದರು. ಬಂದವರು ಮೊದಲ ರಾತ್ರಿ ಎಲ್ಲಾದರೂ ಮಲಗಬೇಕು, ಮಲಗೋ ಮುಂಚೆ ಗಂಟಲು ಒದ್ದೆ ಮಾಡಿಕೊಳ್ಳಬೇಕು, ಅಲ್ವಾ?

ಇಲ್ಲೊಂದು ತಮಾಷೆ ಇದೆ. ಇಷ್ಟೆಲ್ಲ ಆಗುವಾಗ ಫ್ರೀಮ್ಯಾಂಟಲ್‌ಗೆ ಸರಿಯಾದ ಬಂದರೇ ಇರಲಿಲ್ಲ. ನದಿ ಬಾಯಿಗೆ ಅಡ್ಡವಾಗಿ ಸುಣ್ಣದ ಕಲ್ಲಿನ ದಿಬ್ಬ. ದೊಡ್ಡ ಹಡಗು ಒಳಗೆ ಬರೋ ಹಾಗಿಲ್ಲ. ಟಪಾಲು ಹಡಗುಗಳು ದಕ್ಷಿಣದ ಆಲ್ಬನಿಗೆ ಹೋಗಿ ನಿಲ್ಲುತ್ತಿದ್ದವು. ಐರ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಿಂದ ಬಂದ ಇಂಜಿನಿಯರ್ ಸಿ. ವೈ. ಓಕಾನರ್, ದಿಬ್ಬಕ್ಕೆ ಸಿಡಿಮದ್ದು ಇಟ್ಟು ನದಿಯೊಳಗೇ ಬಂದರು ಮಾಡೋಣ ಅಂದರು. ಹೆಸರುವಾಸಿ ಇಂಜಿನಿಯರುಗಳೇ ಬೇಡ ಅಂದಿದ್ದರು, ಮರಳು ಬಂದು ಮುಚ್ಚುತ್ತದೆ ಅಂದಿದ್ದರು. ಓಕಾನರ್ ಬಿಡಲಿಲ್ಲ. 1897ರ ಮೇ 4ರಂದು ಮೊದಲ ಹಡಗು ಒಳಗೆ ಬಂತು. 1900ರಲ್ಲಿ ಟಪಾಲು ಹಡಗುಗಳೂ ಆಲ್ಬನಿ ಬಿಟ್ಟು ಇಲ್ಲಿಗೆ ಬಂದವು. ಆ ಬಂದರು ಇವತ್ತಿಗೂ ಕೆಲಸ ಮಾಡುತ್ತಿದೆ.

ಅದೇ ಮನುಷ್ಯ ಚಿನ್ನದ ಗಣಿಗಳಿಗೆ ಐನೂರು ಕಿಲೋಮೀಟರಿಗೂ ಜಾಸ್ತಿ ದೂರ ಪೈಪಿನಲ್ಲಿ ನೀರು ಕಳಿಸುವ ಯೋಜನೆ ಹಾಕಿದರು. ಸೂಳೆಕೆರೆ ನೀರನ್ನು ಪೈಪಲ್ಲಿ ತರಿಸಿಕೊಂಡು ಕುಡಿಯುವ ಚಿತ್ರದುರ್ಗದವರಿಗೆ ಅದರ ಕಷ್ಟ ಬೇಗ ಅರ್ಥವಾಗುತ್ತದೆ. ಪತ್ರಿಕೆಗಳು, ರಾಜಕಾರಣಿಗಳು ಸೇರಿ ಬಾಯಿಗೆ ಬಂದ ಹಾಗೆ ಬೈದರು. 1902ರ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಓಕಾನರ್ ಕುದುರೆ ಹತ್ತಿ ಫ್ರೀಮ್ಯಾಂಟಲ್‌ನ ದಕ್ಷಿಣದ ಕಡಲ ತೀರಕ್ಕೆ ಹೋದರು, ನೀರಿಗಿಳಿದರು, ಗುಂಡು ಹಾರಿಸಿಕೊಂಡರು. ಮುಂದಿನ ಜನವರಿಯಲ್ಲಿ ನೀರು ಕಾಲ್‌ಗೂರ್ಲಿ ಮುಟ್ಟಿತು. ಈಗ ಆ ತೀರಕ್ಕೆ ಅವರ ಹೆಸರು. ನೀರಿನ ನಡುವೆ ಕುದುರೆ ಮೇಲೆ ಕೂತ ಮನುಷ್ಯನ ಪ್ರತಿಮೆ ಇದೆ, ಅಲೆ ಬಂದಾಗ ಕುದುರೆಯ ಕಾಲು ಮುಳುಗುತ್ತದೆ. ಹೋಟೆಲ್ ಕಥೆಯಲ್ಲಿ ಇವರ ವಿಷಯ ಯಾಕೆ ಅನ್ನಬೇಡಿ. ಇವರು ಆ ದಿಬ್ಬ ಒಡೆಯದಿದ್ದರೆ ನಿಮ್ಮ ಯಜಮಾನರು ಹಸಿದು ನಿಂತ ಆ ರಸ್ತೆ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ಬಂದರಿನಿಂದ ಇಳಿದರೆ ಮೊದಲು ಸಿಗುವ ಬೀದಿಗಳಿಗೆ ವೆಸ್ಟ್ ಎಂಡ್ ಅನ್ನುತ್ತಾರೆ. ಅಲ್ಲಿನ ಹೋಟೆಲ್ಲುಗಳ ಹೆಸರಲ್ಲೂ ಹಡಗಿನ ವಾಸನೆ. ಒಂದಕ್ಕೆ ಪಿ ಅಂಡ್ ಓ ಹೋಟೆಲ್ ಅಂತ ಹಡಗು ಕಂಪನಿಯ ಹೆಸರನ್ನೇ ಇಟ್ಟರು. ಬಾಗಿಲು ನೋಡಿದಿರಾ? ಕಟ್ಟಡದ ಮೂಲೆಯನ್ನು ಚೂರು ಕತ್ತರಿಸಿ ಅಲ್ಲೇ ಬಾಗಿಲು ಇಟ್ಟಿರುತ್ತಾರೆ, ಎರಡು ರಸ್ತೆಯಿಂದ ಬರುವ ಗಿರಾಕಿಗೂ ಎದುರೇ ಕಾಣುವ ಹಾಗೆ. ನಮ್ಮಲ್ಲಿ ಸರ್ಕಲ್ಲಿನ ಅಂಗಡಿಗೆ ಎರಡೂ ಕಡೆ ಶಟರ್ ಇಡುತ್ತೀವಲ್ಲ, ಅದೇ ಲೆಕ್ಕಾಚಾರ.

ಒಂದೇ ಕಟ್ಟಡದ ಜಾತಕ ಬೇಕಂದರೆ ಹೈ ಸ್ಟ್ರೀಟ್ ಮತ್ತು ಮಾರ್ಕೆಟ್ ಸ್ಟ್ರೀಟ್ ಸೇರುವ ಮೂಲೆಯ ನ್ಯಾಷನಲ್ ಹೋಟೆಲ್ ನೋಡಿ. 1868ರಲ್ಲಿ ಅಲ್ಲಿ ಅಂಗಡಿ ಅಂತ ಕಟ್ಟಿದರು. 1880ರ ದಶಕದ ಮೊದಲಲ್ಲಿ ನ್ಯಾಷನಲ್ ಬ್ಯಾಂಕಿಗೆ ಬಾಡಿಗೆಗೆ ಕೊಟ್ಟರು. 1886ರಲ್ಲಿ ಅದು ನ್ಯಾಷನಲ್ ಹೋಟೆಲ್ ಆಯಿತು. ಬ್ಯಾಂಕು ಹೋದರೂ ಹೆಸರು ಬಿಟ್ಟುಹೋಯಿತು. ಚಿನ್ನದ ಕಾಲದಲ್ಲಿ ಮೇಲಕ್ಕೂ ಪಕ್ಕಕ್ಕೂ ಬೆಳೆಯಿತು. 2007ರಲ್ಲಿ ಬೆಂಕಿ ಬಿತ್ತು. ಒಳಗೆಲ್ಲ ಸುಟ್ಟು ವರ್ಷಗಟ್ಟಲೆ ಹಾಳು ಬಿದ್ದಿತ್ತು. ನಮ್ಮೂರಲ್ಲಾಗಿದ್ದರೆ ಮೂರೇ ತಿಂಗಳಲ್ಲಿ ನೆಲಸಮ ಮಾಡಿ ಕಾಂಪ್ಲೆಕ್ಸ್ ಎಬ್ಬಿಸುತ್ತಿದ್ದರು. ಅಲ್ಲಿ ಅದು ಪಾರಂಪರಿಕ ಪಟ್ಟಿಯಲ್ಲಿತ್ತು. ಕೊಂಡವರು ಅದನ್ನೇ ರಿಪೇರಿ ಮಾಡಬೇಕಾಯಿತು, ಮಾಡಿದರು. 2013ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಎರಡನೇ ಮಹಾಯುದ್ಧದಲ್ಲಿ ಈ ಊರಿನ ಹೋಟೆಲ್ಲುಗಳಿಗೆ ಇನ್ನೊಂದು ಸುಗ್ಗಿ. ಅಮೆರಿಕ, ಬ್ರಿಟನ್, ಹಾಲೆಂಡ್ ದೇಶದ ಸುಮಾರು 170 ಸಬ್‌ಮರೀನುಗಳು ಈ ಬಂದರಿಗೆ ಬಂದು ಹೋದವು. ವಾರಗಟ್ಟಲೆ ನೀರಿನಡಿ ಇದ್ದು ಬಂದ ಹುಡುಗರು ಮೇಲೆ ಬಂದ ಕೂಡಲೇ ಎಲ್ಲಿಗೆ ಹೋಗುತ್ತಿದ್ದರು ಅಂತ ನಾನು ಹೇಳಬೇಕಿಲ್ಲ.

ಅಂದ ಹಾಗೆ, ಈ ‘ಹೋಟೆಲ್’ಗಳ ಒಳಗಿನ ಕಾನೂನು ಬಲು ವಿಚಿತ್ರ. 1916ರಲ್ಲಿ, ಮೊದಲ ಯುದ್ಧದ ಕಾಲದಲ್ಲಿ, ಸಿಡ್ನಿ, ಮೆಲ್ಬರ್ನ್, ಅಡಿಲೇಡ್ ಕಡೆ ಬಾರುಗಳನ್ನು ಸಂಜೆ ಆರಕ್ಕೇ ಮುಚ್ಚಬೇಕು ಅಂತ ಮಾಡಿದರು. ಜನ ಕುಡಿಯೋದು ಕಮ್ಮಿಯಾಗಲಿ ಅಂತ. ಆಗಿದ್ದು ಉಲ್ಟಾ. ಕೆಲಸ ಬಿಡೋದು ಐದಕ್ಕೆ, ಬಾರು ಮುಚ್ಚೋದು ಆರಕ್ಕೆ. ಆ ಒಂದು ತಾಸಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಗಟಗಟ ಕುಡಿಯುತ್ತಿದ್ದರು. ಕುರ್ಚಿ ಮೇಜು ತೆಗೆದರು, ಗೋಡೆಗೆ ಎದೆಮಟ್ಟ ಟೈಲ್ಸ್ ಹಾಕಿದರು, ಆರು ಹೊಡೆದ ಮೇಲೆ ನೀರು ಬಿಟ್ಟು ತೊಳೆಯಲು ಸುಲಭ. ಸಿಡ್ನಿಯಲ್ಲಿ ಇದು 1955ರವರೆಗೆ, ಮೆಲ್ಬರ್ನ್‌ನಲ್ಲಿ 1966ರವರೆಗೆ ನಡೆಯಿತು. ಫ್ರೀಮ್ಯಾಂಟಲ್ ಇರುವ ಪಶ್ಚಿಮದವರು ಸ್ವಲ್ಪ ಜಾಣರು, ಒಂಬತ್ತಕ್ಕೆ ಮುಚ್ಚಿದರು. ಇನ್ನು ಹೆಂಗಸರು ಎಷ್ಟೋ ಕಡೆ ಬಾರಿನೊಳಗೆ ಕಾಲಿಡುವ ಹಾಗಿರಲಿಲ್ಲ. 1965ರಲ್ಲಿ ಬ್ರಿಸ್ಬೇನ್‌ನ ರೆಗಾಟಾ ಹೋಟೆಲ್ಲಿನಲ್ಲಿ ಇಬ್ಬರು ಹೆಂಗಸರು ಬಾರ್ ಕಟ್ಟೆಗೆ ಚೈನಿನಿಂದ ತಮ್ಮನ್ನು ಕಟ್ಟಿಕೊಂಡು, ನಮಗೂ ಕೊಡಿ ಅಂತ ಕೂತರು. ಮೇಡಂ, ನಿಮ್ಮನ್ನು ಹೊರಗೆ ನಿಲ್ಲಿಸಿದ್ದು ಬೀಗ ಮಾತ್ರ. ಅರವತ್ತು ವರ್ಷ ಮುಂಚೆ ಹೋಗಿದ್ದರೆ ಬಾಗಿಲು ತೆರೆದಿದ್ದರೂ ಹೊರಗೇ ನಿಲ್ಲಬೇಕಿತ್ತೇನೋ.

ಇಷ್ಟು ಹಳೇ ಕಟ್ಟಡಗಳು ಒಟ್ಟಿಗೆ ಹೇಗೆ ಉಳಿದವು ಅಂದರೆ, ನನ್ನ ಲೆಕ್ಕದಲ್ಲಿ ಪ್ರೀತಿಗಿಂತ ಬಡತನ ಕಾರಣ. ದೊಡ್ಡ ವ್ಯಾಪಾರವೆಲ್ಲ ಪಕ್ಕದ ಪರ್ತ್‌ಗೆ ಹೋಯಿತು. ದುಡ್ಡು ಹೋದ ಕಡೆ ಹೊಸ ಕಟ್ಟಡ ಎದ್ದವು, ಹಳೇವು ಬಿದ್ದವು. ಫ್ರೀಮ್ಯಾಂಟಲ್‌ನಲ್ಲಿ ಒಡೆಯುವುದಕ್ಕೂ ದುಡ್ಡಿರಲಿಲ್ಲ. ಆಮೇಲೆ 1983ರಲ್ಲಿ ಆಸ್ಟ್ರೇಲಿಯಾದ ಹಾಯಿದೋಣಿ ಅಮೆರಿಕದವರನ್ನು ಸೋಲಿಸಿ ಅಮೆರಿಕಾಸ್ ಕಪ್ ಗೆದ್ದಿತು. 132 ವರ್ಷ ಆ ಕಪ್ಪನ್ನು ಅಮೆರಿಕದವರು ಬಿಟ್ಟುಕೊಟ್ಟಿರಲಿಲ್ಲ. ಮುಂದಿನ ಪಂದ್ಯ 1987ಕ್ಕೆ ಫ್ರೀಮ್ಯಾಂಟಲ್‌ನಲ್ಲೇ ಅಂತ ಆಯಿತು. ಮನೆಗೆ ಬೀಗರು ಬರುತ್ತಾರೆ ಅಂದರೆ ನಾವು ಸುಣ್ಣ ಬಣ್ಣ ಹೊಡೆಸುವುದಿಲ್ಲವಾ, ಹಾಗೇ ಇಡೀ ಊರನ್ನು ತೊಳೆದು ಬಳಿದು ನಿಲ್ಲಿಸಿದರು. ಕಪ್ಪು ನಾಲ್ಕಕ್ಕೆ ಸೊನ್ನೆಯಲ್ಲಿ ವಾಪಸ್ ಅಮೆರಿಕಕ್ಕೆ ಹೋಯಿತು, ಬಣ್ಣ ಊರಿಗೆ ಉಳಿಯಿತು. 2016ರಲ್ಲಿ ವೆಸ್ಟ್ ಎಂಡ್ ಪೂರ್ತಿ, ಸುಮಾರು 250 ಕಟ್ಟಡ, ರಾಜ್ಯದ ಪಾರಂಪರಿಕ ಪಟ್ಟಿಗೆ ಸೇರಿತು.

ಬಾರನ್ನು ಸರ್ಕಾರ ಕಾಪಾಡೋದಾ ಅಂದಿರಿ. ಇಲ್ಲ. ಕಾಪಾಡುವುದು ಗೋಡೆ, ಬಾಲ್ಕನಿ, ಮೆಟ್ಟಿಲು. ಒಳಗೆ ಬಾರಾದರೂ ಇರಲಿ, ಇನ್ನೇನಾದರೂ ಇರಲಿ. ಆಗಲೇ ಹೇಳಿದ ಪಿ ಅಂಡ್ ಓ ಹೋಟೆಲ್ಲನ್ನು ಒಂದು ವಿಶ್ವವಿದ್ಯಾಲಯ ಕೊಂಡು ವಿದ್ಯಾರ್ಥಿಗಳಿಗೆ ಉಳಿಯಲು ಕೊಟ್ಟಿದೆ. ನಾವಿಕರು ಮಲಗುತ್ತಿದ್ದ ಕಡೆ ಈಗ ಪರೀಕ್ಷೆಗೆ ಓದುತ್ತಾರೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ತಾತ ಕಟ್ಟಿಸಿದ ತೊಟ್ಟಿ ಮನೆ ಇದೆ, ನೂರು ವರ್ಷ ಆಗಿರಬಹುದು. ಅಣ್ಣತಮ್ಮಂದಿರಲ್ಲಿ ಒಬ್ಬ ಒಡೆಯೋಣ ಅಂತಾನೆ. ಇಂಥ ಪಟ್ಟಿಗೆ ಸೇರಿಸಿದರೆ ಸರ್ಕಾರ ಮನೆಯನ್ನೇ ಕಿತ್ತುಕೊಳ್ಳುತ್ತದೆ ಅಂತ ಹೆದರಿಸುತ್ತಾನೆ. ನಿಜವೇ?
– ಓದುಗರು, ಚಿತ್ರದುರ್ಗ

ಉತ್ತರ: ಫ್ರೀಮ್ಯಾಂಟಲ್‌ನಲ್ಲಂತೂ ಕಿತ್ತುಕೊಳ್ಳುವುದಿಲ್ಲ ಸಾರ್. ಮಾಲೀಕ ಮಾಲೀಕನೇ, ಮಾರಬಹುದು, ಬಾಡಿಗೆಗೆ ಕೊಡಬಹುದು. ಒಡೆಯುವಾಗ, ದೊಡ್ಡ ಬದಲಾವಣೆ ಮಾಡುವಾಗ ಮಾತ್ರ ಅರ್ಜಿ ಅಲ್ಲಿನ ಪರಂಪರೆ ಮಂಡಳಿಯ ಮುಂದೆ ಹೋಗುತ್ತದೆ. ಇದಕ್ಕೆ 1990ರಲ್ಲಿ ಕಾನೂನು ಬಂತು, 2018ರಲ್ಲಿ ಹೊಸದು ಮಾಡಿದರು.

ನಮ್ಮಲ್ಲಿ ಕೇಂದ್ರದ ಕಾನೂನು 1958ರದು, ರಾಜ್ಯದ್ದು 1961ರದು. ಎರಡೂ ಮುಖ್ಯವಾಗಿ ಸ್ಮಾರಕಗಳಿಗೆ. ನಿಮ್ಮೂರ ಏಳು ಸುತ್ತಿನ ಕೋಟೆ ಕೇಂದ್ರದ ಪುರಾತತ್ವ ಇಲಾಖೆಯದು. 2010ರ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅಲ್ಲಿಂದ ಮುಂದಿನ 200 ಮೀಟರಿನಲ್ಲಿ ಅನುಮತಿ ಬೇಕು. ನಿಮ್ಮ ಮನೆ ಆ ಅಳತೆಯೊಳಗೆ ಬಂದರೆ, ಅಣ್ಣತಮ್ಮಂದಿರು ಜಗಳ ಆಡುವ ಮುಂಚೆ ಟೇಪು ಹಿಡಿಯಿರಿ. ಹಳೇದನ್ನು ಒಡೆದ ಮೇಲೆ ಹೊಸದು ಕಟ್ಟಲು ಬಿಡದಿದ್ದರೆ ಖಾಲಿ ಸೈಟಿನಲ್ಲಿ ಟೊಮೆಟೊ ಬೆಳೆಯಬೇಕಾಗುತ್ತದೆ. ಆ ಅಳತೆಯ ಹೊರಗಿದ್ದರೆ ಸುಮ್ನೆ ಹಳೇದು ಅನ್ನುವ ಕಾರಣಕ್ಕೆ ಯಾರೂ ಬಂದು ನಿಮ್ಮ ಮನೆಯನ್ನು ಸ್ಮಾರಕ ಅನ್ನುವುದಿಲ್ಲ. ಅನ್ನಬೇಕೆಂದರೂ ಮೊದಲು ಅಧಿಸೂಚನೆ ಹೊರಡಿಸಬೇಕು, ಕೇಂದ್ರದ ಕಾನೂನಿನಲ್ಲಿ ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಮನೆಯನ್ನು ಉಳಿಸಿಕೊಳ್ಳುವುದು ಬಿಡುವುದು ಸದ್ಯಕ್ಕೆ ನಿಮ್ಮ ಮನೆಯವರ ಕೈಯಲ್ಲೇ ಇದೆ. ತೊಟ್ಟಿ ಮುಚ್ಚಿಸಬೇಡಿ, ಇದು ನನ್ನ ಸ್ವಂತ ಅಭಿಪ್ರಾಯ.

ಪ್ರಶ್ನೆ: ದಾವಣಗೆರೆಯಲ್ಲಿ ಇಷ್ಟೊಂದು ಹೆಸರುವಾಸಿ ಹೋಟೆಲ್ ಇವೆಯಲ್ಲ, ಒಂದಾದರೂ ಪಾರಂಪರಿಕ ಹೋಟೆಲ್ ಅಂತ ಯಾಕೆ ಬೋರ್ಡ್ ಹಾಕಿಲ್ಲ?
– ಡಿಗ್ರಿ ವಿದ್ಯಾರ್ಥಿ, ನಿಟ್ಟುವಳ್ಳಿ

ಉತ್ತರ: ಹಾಕಿಲ್ಲದ್ದೇ ಒಳ್ಳೇದು ಅನಿಸುತ್ತದೆ ಮಾರಾಯ. ಅಲ್ಲಿ ಕಟ್ಟಡ ಉಳಿದಿದೆ, ಒಳಗಿನ ಕಸುಬು ಹತ್ತು ಸಲ ಬದಲಾಗಿದೆ. ಇಲ್ಲಿ ಉಲ್ಟಾ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನುವವರು ನಾಟಕದ ಥಿಯೇಟರ್ ಪಕ್ಕ ದೋಸೆ ಹಾಕಿ ಮಾರುತ್ತಿದ್ದರು, ಮೊದಲು ರಾಗಿ ದೋಸೆ, ಆಮೇಲೆ ಅಕ್ಕಿ ದೋಸೆಗೆ ಬೆಣ್ಣೆ ಬಂತು ಅಂತ ಊರಲ್ಲಿ ಹೇಳುತ್ತಾರೆ. ಆ ಥಿಯೇಟರಿನ ಗೋಡೆಗಿಂತ ದೋಸೆ ಗಟ್ಟಿಯಾಯಿತು. ಹತ್ತಿ ಮಿಲ್ಲುಗಳು ಸಾಲಾಗಿ ಮುಚ್ಚಿದವು, ಮಿಲ್ಲಿನವರಿಗೆ ಬೆಳಗಾಗುವ ಮುಂಚೆ ಒಲೆ ಹಚ್ಚುತ್ತಿದ್ದ ಕಡೆ ಈಗ ಆಸ್ಪತ್ರೆಗೆ ಬಂದವರು, ಕಾಲೇಜಿನವರು ಪ್ಲೇಟ್ ಹಿಡಿದು ನಿಲ್ಲುತ್ತಾರೆ.

ಒಂದು ಕೆಲಸ ಮಾಡು. ಸೌದೆ ಒಲೆಯ ಯಾವುದಾದರೂ ಹಳೇ ಬೆಣ್ಣೆ ದೋಸೆ ಹೋಟೆಲ್ಲಿಗೆ ಹೋಗಿ ಹಂಚಿನ ಪಕ್ಕ ಐದು ನಿಮಿಷ ನಿಲ್ಲು. ಸೌದೆಯನ್ನು ಒಂದು ಗೇಣು ಒಳಗೆ ನೂಕುತ್ತಾರೆ, ಹಂಚಿನ ಮೇಲೆ ನೀರು ಚಿಮುಕಿಸಿ ಚುಂಯ್ ಅಂದ ಸದ್ದು ಕೇಳುತ್ತಾರೆ, ಸದ್ದು ಸರಿಯಿಲ್ಲದಿದ್ದರೆ ಅದೇ ಸೌದೆಯನ್ನು ಎರಡು ಬೆರಳು ಹಿಂದಕ್ಕೆ ಎಳೆಯುತ್ತಾರೆ. ಆಮೇಲೆ ಹಿಟ್ಟು, ಆಮೇಲೆ ಬೆಣ್ಣೆ. ಈ ಎರಡು ಬೆರಳಿನ ಲೆಕ್ಕವನ್ನು ಯಾವ ಪಟ್ಟಿಗೆ ಸೇರಿಸುತ್ತೀಯ? ನನಗೆ ಗೊತ್ತಿರುವ ಒಂದು ಹೋಟೆಲ್ ಮೂರು ಸಲ ಜಾಗ ಬದಲಿಸಿದೆ. ಒಂದು ಸಲ ಹೊಸ ಕಟ್ಟಡದಲ್ಲಿ ಗ್ಯಾಸ್ ಒಲೆ ಹಾಕಿದರು, ಮಾರ್ಬಲ್ ಟೇಬಲ್ ಹಾಕಿದರು, ಹಳೇ ಗಿರಾಕಿಗಳು ಒಂದು ವಾರ ನೋಡಿ ಕಾಲ್ತೆಗೆದರು. ಮತ್ತೆ ಸೌದೆ ತರಿಸಿದ ಮೇಲೇ ವಾಪಸ್ ಬಂದಿದ್ದು. ಆ ಗಿರಾಕಿಗಳೇ ನಮ್ಮ ಪರಂಪರೆ ಮಂಡಳಿ.

ಪ್ರಶ್ನೆ: ಪರ್ತ್‌ನಲ್ಲಿ ಕ್ರಿಕೆಟ್ ನಡೆದಾಗ ಕಾಮೆಂಟರಿಯಲ್ಲಿ ‘ಫ್ರೀಮ್ಯಾಂಟಲ್ ಡಾಕ್ಟರ್’ ಬಂದ ಅನ್ನುತ್ತಾರಲ್ಲ, ಅವರು ಯಾರು?
– ಓದುಗರು, ಹರಿಹರ

ಉತ್ತರ: ಮನುಷ್ಯನಲ್ಲ, ಗಾಳಿ! ಬೇಸಿಗೆಯಲ್ಲಿ ಪರ್ತ್ ಕಾದ ಹಂಚಿನ ಹಾಗೆ ಸುಡುತ್ತಿರುವಾಗ ಮಧ್ಯಾಹ್ನದ ಮೇಲೆ ಸಮುದ್ರದಿಂದ, ಫ್ರೀಮ್ಯಾಂಟಲ್ ದಿಕ್ಕಿನಿಂದ, ತಂಪು ಗಾಳಿ ಬೀಸುತ್ತದೆ. ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಬೆಂದ ಜನಕ್ಕೆ ಜೀವ ಬಂದ ಹಾಗಾಗುತ್ತದಲ್ಲ, ಅದಕ್ಕೆ ಡಾಕ್ಟರ್. ಬೌಲರುಗಳು ಈ ಗಾಳಿಗೆ ಕಾಯುತ್ತಿದ್ದರು. ನಮ್ಮ ಅನಿಲ್ ಕುಂಬ್ಳೆ 600ನೇ ಟೆಸ್ಟ್ ವಿಕೆಟ್ ತೆಗೆದದ್ದೂ ಪರ್ತ್‌ನಲ್ಲೇ, 2008ರ ಜನವರಿಯಲ್ಲಿ, ಸೈಮಂಡ್ಸ್ ಅವರದು. ಅವತ್ತು ಡಾಕ್ಟರ್ ಡ್ಯೂಟಿಯಲ್ಲಿದ್ದನೋ ಇಲ್ಲವೋ, ಕುಂಬ್ಳೆಗೆ ಅವನ ಹಂಗು ಬೇಕಿರಲಿಲ್ಲ ಬಿಡಿ.

ಮೊದಲ ಪ್ರಶ್ನೆಯ ಮೇಡಂಗೆ ಇನ್ನೊಂದು ಮಾತು ಬಿಟ್ಟಿದ್ದೆ. ಮುಂದಿನ ಸಲ ಹೋದಾಗ ಹೋಟೆಲ್ ಬೋರ್ಡು ನೋಡಬೇಡಿ, ಕೆಫೆ ಅಂತ ಇರುವ ಕಡೆ ನುಗ್ಗಿ. ಶುಕ್ರವಾರ, ಶನಿವಾರ, ಭಾನುವಾರವಾದರೆ ನ್ಯಾಷನಲ್ ಹೋಟೆಲ್ಲಿನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಫ್ರೀಮ್ಯಾಂಟಲ್ ಮಾರ್ಕೆಟ್ ಇದೆ. 1897ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ಅದೂ ಪಾರಂಪರಿಕ ಪಟ್ಟಿಯದೇ. ಒಳಗೆ ಹಣ್ಣು, ತರಕಾರಿ, ಬಿಸಿ ತಿಂಡಿ ಎಲ್ಲ ಸಿಗುತ್ತದೆ. ಅಲ್ಲಿಯವರೆಗೆ ಯಜಮಾನರ ಜೇಬಿನಲ್ಲಿ ಎರಡು ಚಕ್ಕುಲಿ ಇರಲಿ.